ಚರ್ಮದ ಮೇಲಿನ ಚೀಟಿ

ನಾನು ಹುಟ್ಟಿದ್ದು ಬೇಲಿಗೆ ಹಬ್ಬಿದ ಸೋರೆಬಳ್ಳಿಯಲ್ಲಿ. ಕಹಿ ಸೋರೆ. ಅಡುಗೆಗೆ ಬರುವ ಜಾತಿಯಾಗಿದ್ದರೆ ಎಂದೋ ಯಾರದೋ ಹೊಟ್ಟೆ ಸೇರಿ ನನ್ನ ಕತೆ ಮುಗಿದಿರುತ್ತಿತ್ತು. ಚಿತ್ತಾಪುರದ ಕಡೆಯ ಖಾಜಪ್ಪ ಮುತ್ಯಾ ನನ್ನನ್ನು ಒಣಗಿಸಿ, ತಿರುಳು ಕೆರೆದು, ಬಾಯಿಗೆ ಆಡಿನ ಚರ್ಮ ಬಿಗಿದು, ಬಿದಿರಿನ ಕೋಲು ತೂರಿಸಿ, ಒಂದೇ ಒಂದು ತಂತಿ ಎಳೆದರು. ಹೀಗೆ ನಾನು ಏಕತಾರಿಯಾದೆ.

ಮುತ್ಯಾ ತತ್ವಪದ ಹಾಡುವವರು. ಆ ಪದಗಳೆಂದರೆ ಒಗಟಿನ ಗಂಟು. ಬತ್ತಿದ ಬಾವಿಯಲ್ಲಿ ಹಡಗು ತೇಲುತ್ತದೆ, ಬೇರಿಲ್ಲದ ಮರದಲ್ಲಿ ಕುರುಡ ಹಣ್ಣು ಕೀಳುತ್ತಾನೆ. ಕೇಳಿದವರಿಗೆಲ್ಲ ಮುತ್ಯಾ ಅರ್ಥ ಬಿಡಿಸಿ ಹೇಳುತ್ತಿದ್ದರು. ಆಮೇಲೆ, "ಅರ್ಥ ತಿಳದ್ರ ಹಸಿವಿ ಹೋಗಂಗಿಲ್ಲ" ಎಂದು ನಕ್ಕು ನನ್ನನ್ನು ಎತ್ತಿಕೊಳ್ಳುತ್ತಿದ್ದರು.

ಒಂದು ದಿನ ಕಲಬುರಗಿಯಿಂದ ಮಹಾನಂದಾ ಬಂದಳು. ಕಾಲೇಜಿನಲ್ಲಿ ಪಾಠ ಹೇಳುವವಳು, ತತ್ವಪದಗಳ ಒಳಾರ್ಥವನ್ನು ಅರೆದು ಕುಡಿದವಳು. ಅವಳ ತಮ್ಮ ಮೈಲಾರಿ ಕಾಗಿಣಾ ಹೊಳೆಯಲ್ಲಿ ಈಜಲು ಹೋಗಿ ತೀರಿಕೊಂಡಿದ್ದ. ಅಳುತ್ತಿದ್ದ ತಾಯಿಯ ಮುಂದೆ ಕುಳಿತು ಈಕೆ, ದೇಹವೆಂದರೆ ಮಡಕೆ, ಒಡೆದರೆ ಒಳಗಿನ ಬಯಲು ಹೊರಗಿನ ಬಯಲನ್ನು ಸೇರುತ್ತದೆ ಎಂದು ವಿವರಿಸಿದ್ದಳು. "ನಿನ್ ಪಾಲಿಗಿ ಅಂವಾ ಮಡಕಿ ಏನ?" ಎಂದು ಕೇಳಿದ ತಾಯಿ ಅಂದಿನಿಂದ ಅವಳೊಡನೆ ಮಾತು ಬಿಟ್ಟಿದ್ದಳು. ಮಹಾನಂದಾಳಿಗೋ ಒಂದು ಹನಿ ಕಣ್ಣೀರೂ ಬಂದಿರಲಿಲ್ಲ. ನಿದ್ದೆಯಿಲ್ಲ, ಬಾಯಿಗೆ ರುಚಿಯಿಲ್ಲ. ಉಪದೇಶ ಕೊಡಿ ಎಂದು ಕೇಳಿದಳು.

"ಅರ್ಥ ನಿನ್ನ ಹತ್ರ ಭಾಳ ಅದಾವ ಯವ್ವಾ" ಎಂದ ಮುತ್ಯಾ ನನ್ನನ್ನು ಅವಳ ಕೈಗಿತ್ತರು. "ದಿನಾ ಮುಂಜಾನಿ ಇದನ್ನ ನುಡಸು. ಹಾಡಬ್ಯಾಡ, ಬರೀಬ್ಯಾಡ. ಸುಮ್ನ ಕೇಳು."

"ಎಷ್ಟು ದಿನಾ ಮುತ್ಯಾ?"

"ಹಿಂಗ ಕೇಳೂದು ಮರಿಯೂ ತನಕ."

ಅವಳ ಮನೆಯಲ್ಲಿ ನನಗೆ ಗಾಜಿನ ಬೀರು ಸಿಕ್ಕಿತು. ಸುಳ್ಳೇಕೆ ಹೇಳಲಿ, ಮೊದಮೊದಲು ಆ ಮರ್ಯಾದೆಗೆ ನಾನೂ ಉಬ್ಬಿಹೋದೆ. ನುಡಿಸುವ ಮೊದಲು ನನ್ನನ್ನು ತಿಳಿದುಕೊಳ್ಳಬೇಕೆಂದು ಅವಳಿಗೆ ಅನಿಸಿತು. ವಿದ್ಯಾರ್ಥಿಗಳಿಗೂ ಅನುಕೂಲವಾಗಲೆಂದು ಮೈಮೇಲೆಲ್ಲ ಚೀಟಿ ಹಚ್ಚಿದಳು. ಬುರುಡೆಗೆ 'ಬ್ರಹ್ಮಾಂಡ', ಬಿದಿರಿಗೆ 'ಮೇರುದಂಡ', ತಂತಿಯ ಬುಡಕ್ಕೆ 'ಸುಷುಮ್ನಾ ನಾಡಿ'. ಚರ್ಮದ ನಟ್ಟನಡುವೆ, ಕೈತುಂಬ ಅಂಟು ಬಳಿದು, 'ಅನಾಹತ ನಾದ', ಅಂದರೆ ಮೀಟದೆಯೇ ಹುಟ್ಟುವ ನಾದ, ಎಂಬ ದೊಡ್ಡ ಚೀಟಿ.

ಅಲ್ಲಿಗೆ ನನ್ನ ದನಿ ನಿಂತಿತು. ಚರ್ಮ ಅದುರಿದರೆ ತಾನೆ ನಾದ! ಒಂದು ಬೆಳಿಗ್ಗೆ ಅವಳು ತಂತಿ ಮೀಟಿದಳು. ದಬ್ ಎಂದೆ. ತನ್ನ ತಿಳಿವಳಿಕೆಯೇ ಇನ್ನೂ ಸಾಲದು ಎಂದುಕೊಂಡ ಪುಣ್ಯಾತ್ಗಿತ್ತಿ ಇನ್ನಷ್ಟು ಪುಸ್ತಕ ತಂದಳು. ನನಗೆ ನಗು ಬರುತ್ತಿತ್ತು, ಅವಳ ಮುಖ ನೋಡಿದರೆ ಸಂಕಟವೂ ಆಗುತ್ತಿತ್ತು. ಅಡುಗೆಮನೆಯಲ್ಲಿ ತಾಯಿ ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿದ್ದಳು.

ಅಷ್ಟರಲ್ಲಿ ಮುತ್ಯಾ ಹೋಗಿಬಿಟ್ಟರು. ಮರುವರ್ಷ ಅವರ ಆರಾಧನೆಗೆ ಮಹಾನಂದಾ ನನ್ನನ್ನೂ ಹೊತ್ತು ಹೋದಳು. ಗದ್ದುಗೆಯ ಮುಂದೆ ನಿಂತು ಏಕತಾರಿಯ ಸಂಕೇತಗಳ ಬಗ್ಗೆ ಸೊಗಸಾಗಿ ಮಾತಾಡಿದಳು. ಜನ ತಲೆದೂಗಿದರು. ಮುತ್ಯಾರ ಹೆಂಡತಿ ಸಿದ್ದವ್ವ, "ಛಲೋ ಹೇಳ್ದಿ. ಈಗ ನುಡಸು, ಅವರೂ ಕೇಳ್ಲಿ" ಎಂದಳು.

ಮೀಟಿದಳು. ದಬ್. ಇನ್ನೊಮ್ಮೆ ದಬ್. ಸಿದ್ದವ್ವ ನನ್ನ ಚರ್ಮವನ್ನು ಸವರಿ, "ಇದರ ಬಾಯೇ ಮುಚ್ಚೀಯಲ್ಲ ಯವ್ವಾ" ಎಂದಳು.

ಮಹಾನಂದಾ ತಾನೇ ಬರೆದ ಅಕ್ಷರವನ್ನು ನೋಡುತ್ತ ಕುಳಿತಳು. ಆಮೇಲೆ ಹೆಬ್ಬೆರಳು ಒದ್ದೆ ಮಾಡಿಕೊಂಡು ಉಜ್ಜತೊಡಗಿದಳು. ಕಾಗದ ಸುರುಳಿ ಸುರುಳಿಯಾಗಿ ಎದ್ದಿತು. ಬಹಳ ಹೊತ್ತು ಹಿಡಿಯಿತು. ಜನ ಚಹಾ ಕುಡಿಯುತ್ತ ಕಾದರು. ಚರ್ಮದ ಮೇಲಿನ ತೇವ ಆರಿದ ಮೇಲೆ ಮೀಟಿದಳು. ನಾನು ನುಡಿದೆ. ಎಷ್ಟು ಸುಖವಾಯಿತೆಂದರೆ ಹೇಳತೀರದು. ಅವಳು ಕಣ್ಣು ಮುಚ್ಚಿ ಮತ್ತೆ ಮೀಟಿದಳು, ಮತ್ತೆ ಮೀಟಿದಳು. "ಮೈಲಾರಿ" ಎಂದು ಒಮ್ಮೆಲೇ ಸಿದ್ದವ್ವನ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಸಿದ್ದವ್ವ ಬೆನ್ನು ಸವರುತ್ತ ಕುಳಿತಳು.

ಮರುದಿನ ಬೆಳಿಗ್ಗೆ ಮನೆಯಲ್ಲಿ ನುಡಿಸುತ್ತಿದ್ದಾಗ ರೊಟ್ಟಿಯ ಸದ್ದು ನಿಂತಿತು. ತಾಯಿ ಹಿಟ್ಟಿನ ಕೈಯಲ್ಲೇ ಬಂದು ಪಕ್ಕದಲ್ಲಿ ಕುಳಿತಳು. "ಸಣ್ಣಾಂವ ಇದ್ದಾಗ ಅಂವನೂ ಹಿಂಗೇ ಗುಂಯ್ ಅನ್ಕೋತ ಮನಿ ತುಂಬಾ ತಿರಗತಿದ್ದ" ಎಂದಳು.

ಮಹಾನಂದಾ ಅದಕ್ಕೆ ಅರ್ಥ ಹೇಳಲಿಲ್ಲ. "ಹೌದಬೇ" ಎಂದಳು, ಅಷ್ಟೇ.

ಈಗ ನನಗೆ ವಯಸ್ಸಾಗಿದೆ. ಬುರುಡೆಯ ಬಿರುಕಿಗೆ ಮೇಣ ತುಂಬಿದ್ದಾರೆ. ಬೀರು ಹೋಗಿ ಗೂಟ ಬಂದಿದೆ. ತಿಳಿವಳಿಕೆಯನ್ನು ನಾನು ಹಳಿಯುವುದಿಲ್ಲ. ಮುತ್ಯಾರ ಬಾಗಿಲ ತನಕ ಅವಳನ್ನು ಕರೆತಂದದ್ದು ಅದೇ. ಒಳಗೆ ಬರಲು ಮಾತ್ರ ಅವಳು ಅದನ್ನು ಚಪ್ಪಲಿಯ ಹಾಗೆ ಹೊರಗೆ ಬಿಡಬೇಕಾಯಿತು.

ಹೋದ ವರ್ಷ ತಾಯಿಯೂ ತೀರಿಕೊಂಡಳು. ಬಂದವರಲ್ಲಿ ಯಾರೋ ಮಡಕೆ, ಬಯಲು ಎಂದು ಶುರುಮಾಡಿದರು. ಮಹಾನಂದಾ ಅವರ ಕೈ ಹಿಡಿದು, "ಇವತ್ತು ಬ್ಯಾಡ್ರಿ" ಎಂದಳು, ಮತ್ತು ತಾಯಿಯ ಪಕ್ಕದಲ್ಲಿ ಕುಳಿತು ಮನಸಾರೆ ಅತ್ತಳು.