ಯಾರೂ ಒದೆಯದ ಒದೆತ

ಮಾರ್ಚ್ ಒಂಬತ್ತು, ಭಾನುವಾರ, ಸಂಜೆ ನಾಲ್ಕು ಗಂಟೆ ನಲವತ್ತೆರಡು ನಿಮಿಷ. ಬಸ್ ಡಿಪೋಗಳ ವಾಲಿಬಾಲ್ ಫೈನಲ್‌ನ ಕೊನೆಯ ಸೆಟ್ ಹದಿಮೂರು–ಹದಿಮೂರಕ್ಕೆ ಬಂದು ನಿಂತಿತ್ತು. ಬಲೆಯ ಬಳಿ ಜಿಗಿಯಲು ಬಲಗಾಲು ಒತ್ತಿದ ಡ್ರೈವರ್ ಜಿಗಿಯಲೇ ಇಲ್ಲ. ಕುಸಿದು ಕುಳಿತವನು ಕಾಲು ಹಿಡಿದುಕೊಳ್ಳುವ ಬದಲು ಸರಕ್ಕನೆ ಹಿಂದೆ ತಿರುಗಿ, ತನ್ನದೇ ತಂಡದ ಕಂಡಕ್ಟರನ ಮೇಲೆ ಹರಿಹಾಯ್ದ.

“ಯಾಕೋ ಒದ್ದೆ? ಕಣ್ಣು ಮನೇಲಿಟ್ಟು ಬಂದಿದೀಯಾ?”

ಕಂಡಕ್ಟರ್ ಎರಡು ಮಾರು ಆಚೆ ನಿಂತಿದ್ದ. ಮುಟ್ಟಿಯೇ ಇಲ್ಲವೆಂದು ಆಣೆ ಮಾಡಿದರೂ ಡ್ರೈವರ್ ಕೇಳಲಿಲ್ಲ. ಹಿಮ್ಮಡಿಯ ಮೇಲೆ ಏಟು ಬಿದ್ದದ್ದು, ತಟ್ಟೆಂದು ಸದ್ದಾದದ್ದು ತನಗೆ ಗೊತ್ತಿಲ್ಲವೇ ಎಂದು ಕೂಗಾಡಿದ. ಎದುರು ತಂಡದವರು ನಗತೊಡಗಿದರು.

ಗ್ಯಾಲರಿಯಲ್ಲಿ ಅಕ್ಕನ ಪಕ್ಕ ಕುಳಿತಿದ್ದ ಡ್ರೈವರನ ನಾದಿನಿ ನಗಲಿಲ್ಲ. ಫಿಸಿಯೋಥೆರಪಿ ಓದಿ ಕೆಲಸಕ್ಕೆ ಸೇರಿ ಅವಳಿಗಿನ್ನೂ ತಿಂಗಳು ತುಂಬಿರಲಿಲ್ಲ. ಯಾರೂ ಒದೆಯದೆ ಒದ್ದಂತೆ ಅನ್ನಿಸುವ ಪೆಟ್ಟು ಒಂದಿದೆಯೆಂದು ಓದಿದ್ದಳು, ಕಂಡಿರಲಿಲ್ಲ. ಮೆಟ್ಟಿಲುಗಳನ್ನು ಹಾರಿ ಕೆಳಗಿಳಿದಳು.

ಅಷ್ಟರಲ್ಲಿ ಡ್ರೈವರ್ ಕುಂಟುತ್ತಾ ಎದ್ದು ನಿಂತಿದ್ದ. ಸುತ್ತಲಿದ್ದವರೆಲ್ಲ ಉಳುಕು ಎಂದು ತೀರ್ಪು ಕೊಟ್ಟಾಗಿತ್ತು. ಅವನು ಪಾದವನ್ನು ಮೇಲೆ ಕೆಳಗೆ ಆಡಿಸಿ ತೋರಿಸಿದ.

“ನೋಡಮ್ಮ ಡಾಕ್ಟ್ರಮ್ಮ, ಆಡ್ತಾ ಇದೆ. ಎರಡು ಪಾಯಿಂಟ್ ಮುಗಿಸಿ ಬರ್ತೀನಿ, ಆಮೇಲೆ ನಿನ್ನ ಪಾಠ.”

ಇನ್ನೊಮ್ಮೆ ಜಿಗಿದರೆ ಉಳಿದಿರುವುದೂ ಹೋಗಬಹುದು. ಅದು ಬ್ರೇಕ್ ಒತ್ತುವ ಕಾಲು. ಅವಳು ಅವನ ತೋಳು ಹಿಡಿದು ಕೂರಿಸಿದಳು.

ಮೊದಲು ಮೂಳೆ. ಪಾದದ ಕೀಲಿನ ಎರಡೂ ಬದಿಯ ಉಬ್ಬು ಮೂಳೆಗಳ ಹಿಂದಿನ ಅಂಚನ್ನು ಒತ್ತಿದಳು, ಪಾದದ ಹೊರ ಅಂಚನ್ನು ಒತ್ತಿದಳು, ಮೊಣಕಾಲಿನವರೆಗೂ ಬೆರಳಾಡಿಸಿದಳು. ಎಲ್ಲೂ ಅವನು ಮುಖ ಕಿವುಚಲಿಲ್ಲ. ಮೂಳೆ ಮುರಿದಂತಿಲ್ಲ ಎಂದದ್ದೇ ತಡ, ತಂಡದವರು ಚಪ್ಪಾಳೆ ತಟ್ಟಿದರು. ರೆಫರಿ ಗಡಿಯಾರ ನೋಡಿದ. ಅವಳು ಭಾವನಿಗೆ ಪಕ್ಕದ ಬೆಂಚಿನ ಮೇಲೆ, ಪಾದಗಳು ಅಂಚಿನಿಂದ ಹೊರಗಿರುವಂತೆ ಬೋರಲು ಮಲಗಲು ಹೇಳಿದಳು.

“ಇಷ್ಟು ಜನರೆದುರಿಗಾ? ಸೋತು ಬಿದ್ದ ಅಂತಾರೆ.”

“ಮಲಗಿ,” ಎಂದಳು ಹಿಂದಿನಿಂದ ಬಂದ ಅಕ್ಕ. ಅವನು ಮಲಗಿದ.

ತಂಗಿ ಅವನ ಎಡಗಾಲಿನ ಮೀನಖಂಡವನ್ನು ಹಿಂಡಿದಳು. ಪಾದ ತಲೆಯಾಡಿಸಿದಂತೆ ಚಲಿಸಿತು. ಬಲಗಾಲನ್ನು ಹಿಂಡಿದಳು. ಪಾದ ಸುಮ್ಮನಿತ್ತು. ತನ್ನ ಹಿಡಿತವೇ ಸಾಲದೇನೋ ಎಂದುಕೊಂಡು ಕಂಡಕ್ಟರನ ಕೈಯಲ್ಲೂ ಹಿಂಡಿಸಿದಳು. ಆಗಲೂ ಪಾದ ತನಗೆ ಸಂಬಂಧವೇ ಇಲ್ಲವೆಂಬಂತೆ ಜೋತುಬಿದ್ದಿತ್ತು. ಹಿಮ್ಮಡಿಯ ಮೇಲೆ ಬೆರಳಿಟ್ಟಾಗ, ಬಿಗಿಯಾದ ಹಗ್ಗವಿರಬೇಕಾದ ಜಾಗದಲ್ಲಿ ಬೆರಳು ಮೆತ್ತಗೆ ಒಳಗಿಳಿಯಿತು. ಅವಳಿಗೆ ಮೈ ಜುಂ ಎಂದಿತು. ಓದಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಮರುಕ್ಷಣವೇ, ಇದು ಭಾವನ ಕಾಲು ಎಂಬುದು ನೆನಪಾಗಿ ನಾಚಿಕೆಯಾಯಿತು.

“ಯಾರೂ ಒದ್ದಿಲ್ಲ ಭಾವ. ಮೀನಖಂಡದಿಂದ ಹಿಮ್ಮಡಿಗೆ ಬರೋ ಹುರಿ ಹರಿದಿದೆ.”

“ಮತ್ತೆ ಪಾದ ಆಡ್ತಾ ಇತ್ತಲ್ಲ?”

“ಅದನ್ನ ಆಡಿಸೋಕೆ ಬೇರೆ ಸಣ್ಣ ಹುರಿಗಳಿವೆ. ಜಿಗಿಸೋದು ಇದೊಂದೇ.”

ಕಂಡಕ್ಟರ್ ದೊಡ್ಡ ಉಸಿರುಬಿಟ್ಟು, ತನ್ನ ಮೇಲಿನ ಕೇಸು ವಜಾ ಆಯಿತೇ ಎಂದು ಕೇಳಿದ. ಡ್ರೈವರ್ ನಗಲು ನೋಡಿ, ಆಗದೆ, ಅವನ ಕೈ ಹಿಡಿದುಕೊಂಡ. ಅವಳು ಪಾದದ ತುದಿ ಕೆಳಮುಖವಾಗಿರುವಂತೆ ಹಿಡಿದು, ರಟ್ಟಿನ ಮೇಲೆ ಟವೆಲ್ ಸುತ್ತಿ ಕಟ್ಟಿದಳು. ಕಾರು ಗೇಟು ದಾಟುವಾಗ ಹಿಂದಿನಿಂದ ದೊಡ್ಡ ಕೂಗು ಕೇಳಿಸಿತು. ಗೆದ್ದವರು ಯಾರೆಂದು ಅವನು ಕೇಳಲಿಲ್ಲ. ಮತ್ತೆ ಬಸ್ಸು ಓಡಿಸ್ತೀನಾ ಎಂದಷ್ಟೇ ಕೇಳಿದ.

ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು. ಪಾದ ಕೆಳಗೆ ಬಾಗಿಸಿದಾಗ ಹರಿದ ತುದಿಗಳು ಐದು ಮಿಲಿಮೀಟರ್‌ಗಿಂತ ಹತ್ತಿರ ಬಂದರೆ ಕೊಯ್ಯುವುದು ಬೇಡ, ಪಾದ ಅಲುಗದಂತೆ ಹಿಡಿದಿಡುವ ಬೂಟು ಹಾಕಿಸಿದರೆ ತಾನಾಗಿ ಕೂಡಿಕೊಳ್ಳುತ್ತದೆ. ಬರದಿದ್ದರೆ ನಾಳೆಯೇ ಆಪರೇಷನ್.

ಅಕ್ಕ ಗಂಡನ ಹೆಬ್ಬೆರಳು ಹಿಡಿದು ಪಾದವನ್ನು ಮೆಲ್ಲಗೆ ಕೆಳಕ್ಕೆ ಬಾಗಿಸಿದಳು. ಪರದೆಯ ಮೇಲೆ, ಬಿಚ್ಚಿದ ಹಗ್ಗದ ತುದಿಗಳಂಥ ಎರಡು ಬಿಳಿ ಕುಚ್ಚುಗಳು ಒಂದರತ್ತ ಒಂದು ಸರಿದು ಬಂದು ನಿಂತವು. ವೈದ್ಯೆ ಒಂದು ತುದಿಗೆ ಚುಕ್ಕೆ ಇಟ್ಟರು. ಇನ್ನೊಂದು ತುದಿಗೆ ಇಟ್ಟರು. ನಡುವೆ ತೆಳ್ಳನೆಯ ಗೆರೆಯೊಂದು ಮೂಡಿತು.

ನಾಲ್ಕು ಮಿಲಿಮೀಟರ್.