ಮೇಡಂ ಕೈಯಲ್ಲಿ ಬೀಳುವವನು

ಮಂಗಳವಾರ ಸಂಜೆ ಐಕಿಡೊ ತರಗತಿಯಲ್ಲಿ ಮೇಡಂ ಕೈ ಚಾಚಿ ಕರೆದಾಗ ಬಡಗಿ ಆಗಲೇ ಅರ್ಧ ಎದ್ದುಬಿಟ್ಟಿದ್ದ. ಆರು ವರ್ಷದ ರೂಢಿ, ಮೈಗೆ ಬೇರೆ ಹೇಳಿಕೊಡಬೇಕೇ? ಆದರೆ ಮೇಡಂ ಬೆರಳು ಅವನ ತಲೆಯ ಮೇಲಿಂದ ಹಾದು ಹಿಂದಿನ ಸಾಲಿಗೆ ಹೋಯಿತು. "ನೀನು ಬಾಮ್ಮ," ಎಂದರು. ಎದ್ದು ಬಂದವಳು ಬಡಗಿಯ ಹೆಂಡತಿ.

ಅರ್ಧ ಎದ್ದವನು ಏನು ಮಾಡಬೇಕು? ಸೊಂಟದ ಕಪ್ಪು ಪಟ್ಟಿ ಸರಿಮಾಡಿಕೊಳ್ಳಲೆಂದೇ ಎದ್ದವನ ಹಾಗೆ ಗಂಟು ಬಿಚ್ಚಿದ, ಮತ್ತೆ ಕಟ್ಟಿದ, ಕೂತ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಆ ಜಟ್ಟಿಗೆ ಬೀಳುವುದಕ್ಕಾದರೂ ಸಿಕ್ಕಿತ್ತು. ಇವನಿಗೆ ಅದೂ ಇಲ್ಲ.

ಐಕಿಡೊ ಅನ್ನುವ ಈ ಜಪಾನಿನ ಮಲ್ಲವಿದ್ಯೆ ಕಲಿಯದವರಿಗೆ ಇದು ನಗೆಪಾಟಲು ಅನ್ನಿಸಬಹುದು. ನಾಲ್ಕು ಜನರ ಮುಂದೆ ಒಬ್ಬಳು ಮುದುಕಿಯ ಕೈಯಲ್ಲಿ ದಬಕ್ಕನೆ ಬೀಳೋದಕ್ಕೂ ಪೈಪೋಟಿಯೇ ಅಂತ. ಪೈಪೋಟಿಯೇ ಸ್ವಾಮಿ! ಒಂದು ಪಟ್ಟು ಹೇಗೆ ಹಾಕಬೇಕೆಂದು ಗುರು ತೋರಿಸಬೇಕಾದರೆ ಮೇಲೆ ಬೀಳಲು ಬರುವವರೊಬ್ಬರು ಬೇಕು, ಬಂದು ಮಣಿಕಟ್ಟು ಹಿಡಿಯಬೇಕು, ಹಾರಿ ಬೀಳಬೇಕು, ಬಿದ್ದು ನಗುನಗುತ್ತ ಏಳಬೇಕು. ಎಲ್ಲರಿಗೂ ಅದು ಆಗದು. ಕತ್ತು ಮುರಿದುಕೊಂಡಾರು. ಹಾಗಾಗಿ ಗುರು ಯಾರನ್ನು ಕರೆಯುತ್ತಾರೋ ಅವರೇ ಆ ಸಾಲಿನಲ್ಲಿ ಮೊದಲಿಗರು. ಟೈರ್ ಅಂಗಡಿಯ ಮೇಲಿನ ಮಹಡಿ, ನೆಲದ ತುಂಬ ಅಂಚು ಕಿತ್ತ ನೀಲಿ ಮ್ಯಾಟು, ಕಿಟಕಿಯಿಂದ ಸದಾ ರಬ್ಬರಿನ ವಾಸನೆ. ಆ ಮಹಡಿಯಲ್ಲಿ ಬಡಗಿಗೆ ಇದ್ದ ಹೆಸರು ಒಂದೇ. ಮೇಡಂ ಕೈಯಲ್ಲಿ ಬೀಳುವವನು.

ಹೆಂಡತಿ ಇಲ್ಲಿಗೆ ಬಂದದ್ದೇ ಆಕಸ್ಮಿಕ. ಒಂದೂವರೆ ವರ್ಷದ ಹಿಂದೆ ಒಂದು ದಿನ ಮನೆಯ ಬೀಗದ ಕೈ ಇವನ ಜೇಬಿನಲ್ಲೇ ಉಳಿದು, ಆಸ್ಪತ್ರೆಯ ಕೆಲಸ ಮುಗಿಸಿದವಳು ನೇರ ಇಲ್ಲಿಗೆ ಬಂದು ಬಾಗಿಲ ಬಳಿ ಕೂತಿದ್ದಳು. "ಅಲ್ಲಿ ಕೂತು ಚಪ್ಪಲಿ ಕಾಯ್ತೀರಾ? ಬನ್ನಿ ಒಳಗೆ," ಎಂದು ಮೇಡಂ ಕರೆದರು. ಕೆಳಗಿನ ಅಂಗಡಿಯ ಮೆಕ್ಯಾನಿಕ್, ನೂರು ಕೇಜಿಯ ಆಳು, ಅವಳ ಮಣಿಕಟ್ಟು ಹಿಡಿದ. ಹೊಸಬರೆಲ್ಲ ಆಗ ಕೈ ಕಿತ್ತುಕೊಳ್ಳಲು ನೋಡುತ್ತಾರೆ. ಇವಳು ಕೈಯ ಗೊಡವೆಗೇ ಹೋಗಲಿಲ್ಲ. ಒಂದು ಹೆಜ್ಜೆ ಅವನ ಪಕ್ಕಕ್ಕೆ ಒಳಹೊಕ್ಕಳು, ಮಂಡಿ ಬಗ್ಗಿಸಿದಳು, ಸೊಂಟ ತಿರುಗಿಸಿದಳು. ಮೆಕ್ಯಾನಿಕ್ ನೆಲದ ಮೇಲೆ ಕೂತಿದ್ದ, ಯಾಕೆ ಕೂತೆ ಅಂತ ಅವನಿಗೇ ತಿಳಿಯದೆ.

"ಎಲ್ಲಿ ಕಲಿತ್ರಿ ಇದನ್ನ?" ಮೇಡಂ ಕೇಳಿದರು.

"ಎಲ್ಲೂ ಇಲ್ಲ ಮೇಡಂ. ವಾರ್ಡಲ್ಲಿ ದಿನಕ್ಕೆ ಇಪ್ಪತ್ತು ಜನರನ್ನ ಮಂಚದಿಂದ ಎಬ್ಬಿಸಿ ಗಾಲಿಕುರ್ಚಿಗೆ ಕೂರಿಸ್ತೀನಿ. ಕೈಯಿಂದ ಎಳೆದ್ರೆ ನನ್ನ ಬೆನ್ನು ಹೋಗತ್ತೆ. ಹತ್ರ ಹೋಗಿ ಅವರ ಭಾರದ ಕೆಳಗೆ ನಿಂತ್ಕೊಂಡ್ರೆ ಅವರೇ ಬರ್ತಾರೆ."

"ಕೇಳಿದ್ರಾ?" ಮೇಡಂ ಎಲ್ಲರ ಕಡೆ ತಿರುಗಿದರು. "ನಾನು ಗಂಟಲು ಹರ್ಕೊಂಡು ಹೇಳ್ತಿರೋದು ಇದನ್ನೇ. ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ಕೈ."

ಎಲ್ಲರೂ ಚಪ್ಪಾಳೆ ತಟ್ಟಿದರು. ಬಡಗಿಯೂ ತಟ್ಟಿದ. ಆ ದಿನ ಹೆಮ್ಮೆಯೇ ಆಗಿತ್ತು ಅವನಿಗೆ, ಸುಳ್ಳು ಯಾಕೆ ಹೇಳಬೇಕು. ಹೆಂಡತಿ ಹಿಂದಿನ ಸಾಲಿನಲ್ಲಿರುವ ತನಕ ಹೆಮ್ಮೆ ಪಡುವುದಕ್ಕೆ ಯಾವ ಗಂಡನಿಗೂ ಕಷ್ಟವಿಲ್ಲ.

ಈಗ ನೋಡಿ. ಮಂಗಳವಾರ ರಾತ್ರಿ ಊಟಕ್ಕೆ ಉಪ್ಪು ಕಡಿಮೆಯಾಯಿತು. ಬುಧವಾರ ಅವಳು ನಡೆಯುವ ಸದ್ದು ಜಾಸ್ತಿಯಾಯಿತು. ಹಗ್ಗದ ಮೇಲೆ ಇಬ್ಬರ ಬಿಳಿ ಅಂಗಿಗಳು ಒಟ್ಟಿಗೆ ಒಣಗುತ್ತಿದ್ದರೆ ತನ್ನದನ್ನು ನಾಲ್ಕು ಮೊಳ ಆಚೆ ಸರಿಸಿದ. ಅವಳ ಪಟ್ಟಿ ಇನ್ನೂ ಹೊಸಬರ ಬಿಳಿಯದು, ಮೊನ್ನೆ ಮೊನ್ನೆ ಕಣ್ಣು ಬಿಟ್ಟ ಮರಿ.

ಅವನಿಗೆ ಇದ್ದದ್ದು ಒಂದೇ ಸಮಾಧಾನ. ಬೆಳಗ್ಗೆ ಹಾಸಿಗೆಯನ್ನು ನೆಲಕ್ಕಿಳಿಸಿ, ಮಂಚಕ್ಕೂ ಬೀರುವಿಗೂ ನಡುವಿನ ಜಾಗದಲ್ಲಿ ಅವಳಿಗೆ ಪಾಠ ಹೇಳುತ್ತಿದ್ದ. "ಭುಜ ಇಳಿಸು. ಉಸಿರು ಹಿಡೀಬೇಡ. ನನ್ನ ಕೈ ನೋಡಬೇಡ ಕಣೇ, ನನ್ನ ಎದೆ ನೋಡು." ಆಮೇಲೆ ಅವಳ ಮಣಿಕಟ್ಟು ಹಿಡಿದು ಹೊರಕ್ಕೆ ತಿರುಗಿಸುವ ಪಟ್ಟು ಹಾಕುತ್ತಿದ್ದ. ಅವಳು ಸುಯ್ಯೆಂದು ಹಾಸಿಗೆಗೆ ಉರುಳುತ್ತಿದ್ದಳು. "ಅಬ್ಬಾ, ಏನ್ ಶಕ್ತಿ ರೀ ನಿಮ್ಮ ಕೈಲಿ!" ಅನ್ನುತ್ತಿದ್ದಳು. ಬಡಗಿ ಗುನುಗಿಕೊಂಡು ಸ್ನಾನಕ್ಕೆ ಹೋಗುತ್ತಿದ್ದ. ಯಾರನ್ನು ಕರೆದರೇನು, ಇವಳನ್ನು ಬೀಳಿಸುವವನು ನಾನೇ ತಾನೇ.

ಆ ಸಮಾಧಾನಕ್ಕೂ ಗುರುವಾರ ಕಲ್ಲು ಬಿತ್ತು. ಭಾನುವಾರ ಶಾಲೆಯೊಂದರ ಸಭಾಂಗಣದಲ್ಲಿ ವರ್ಷದ ಪ್ರದರ್ಶನ, ಇನ್ನೂರು ಜನ ಬರುವವರು. ಮೇಡಂ ಜೊತೆ ನಿಲ್ಲುವುದು ಈ ಸಲ ಅವನ ಹೆಂಡತಿ ಎಂದು ಮೇಡಂ ಹೇಳಿದರು. ಎಲ್ಲರೂ ಹೋದಮೇಲೆ ಬಡಗಿ ಮ್ಯಾಟಿನ ತುದಿಯಲ್ಲಿ ನಿಂತೇ ಇದ್ದ.

"ನನ್ನಿಂದ ಏನು ತಪ್ಪಾಯ್ತು ಮೇಡಂ?"

ಮೇಡಂ ನೀರು ಕುಡಿದರು. ಅರವತ್ತೈದು ದಾಟಿದ ಹೆಂಗಸು, ಮಾತಿಗೆ ಬೆಣ್ಣೆ ಹಚ್ಚುವವರಲ್ಲ. "ನಾನು ಬೀಳಿಸೋಕೆ ಮುಂಚೆ ನೀನು ಬೀಳ್ತೀಯ ಕಣಪ್ಪ."

"ಅಂದ್ರೆ?"

"ಯಾವ ಪಟ್ಟು ಬರತ್ತೆ ಅಂತ ನಿನಗೆ ಗೊತ್ತು. ನನ್ನ ಕೈ ಅಲ್ಲಾಡೋಕೆ ಮುಂಚೆ ಹಾರಿಬಿಡ್ತೀಯ. ನೋಡೋರಿಗೆ ಚೆಂದ. ಆದ್ರೆ ನನ್ನ ಹೆಜ್ಜೆ ತಪ್ಪಿದ್ರೂ ನೀನು ಬಿದ್ದು ಮುಚ್ಚಿಹಾಕ್ತೀಯ. ಆರು ವರ್ಷದಿಂದ ನನ್ನ ಪಟ್ಟು ಸರಿ ಇದೆಯೋ ಇಲ್ವೋ ನನಗೇ ಗೊತ್ತಿಲ್ಲ. ಬಾಗಿಲು ಬಿಗಿಯಾದ್ರೆ ಎಲ್ಲಿ ಹಿಡೀತಿದೆ ಅಂತ ನೀನು ತಡವಿ ನೋಡ್ತೀಯ ಅಲ್ವಾ? ನನಗೂ ಹಿಡಿಯೋ ಬಾಗಿಲೇ ಬೇಕು."

ಗೌರವಕ್ಕೆ ಬಿದ್ದೆ, ಅದನ್ನೇ ತಪ್ಪು ಅಂತಾರಲ್ಲ! ಉಪಕಾರ ಸ್ಮರಣೆ ಅನ್ನುವುದು ಲೋಕದಲ್ಲಿ ಉಳಿದಿದೆಯೇ? ಬಡಗಿ ಮೆಟ್ಟಿಲಿಳಿಯುವಾಗ ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ ನುಂಗಿದ. ಹಿಡಿಯುವ ಬಾಗಿಲು ಬೇಕೇ? ತೋರಿಸ್ತೀನಿ ಅಂದುಕೊಂಡ.

ಶುಕ್ರವಾರ ಗಂಡಹೆಂಡಿರನ್ನೇ ಜೋಡಿ ಮಾಡಿದರು. ಅವಳು ಪಟ್ಟು ಹಾಕಬೇಕು, ಇವನು ಬೀಳಬೇಕು. ಯಾವ ಪಟ್ಟು ಅಂತ ಮೊದಲೇ ಗೊತ್ತಿತ್ತಲ್ಲ, ಬಡಗಿ ಮೊಣಕೈ ಬಿಗಿದ, ಮೂವತ್ತು ವರ್ಷ ಗರಗಸ ಎಳೆದ ಭುಜವನ್ನು ಗೂಟದ ಹಾಗೆ ನೆಟ್ಟ. ಅವಳು ತಿರುಗಿಸಿದಳು. ಅಲ್ಲಾಡಲಿಲ್ಲ. ಇನ್ನೊಮ್ಮೆ ತಿರುಗಿಸಿದಳು. ಊಹೂಂ. ಅಕ್ಕಪಕ್ಕದವರು ನಿಂತು ನೋಡತೊಡಗಿದರು.

"ಏನಾಯ್ತು?" ಅಂದ ಬಡಗಿ, ಎಲ್ಲರಿಗೂ ಕೇಳುವ ಹಾಗೆ. "ಭಾನುವಾರ ಇನ್ನೂರು ಜನರ ಮುಂದೆ ನಿಲ್ಲೋರು ನೀವು!"

ಹೆಂಡತಿಗೆ 'ನೀವು' ಅಂದದ್ದು ಅವಳಿಗೆ ಚುಚ್ಚಿತು. ಅವಳು ಅವನ ಮುಖ ನೋಡಿದಳು. ಅವಳಿಗೆ ಅಲ್ಲಿ ಕಂಡದ್ದು ಏನೋ, ವಾರ್ಡಿನಲ್ಲಿ ಮಂಚದ ಸರಳು ಬಿಗಿಹಿಡಿದು ಏಳಲೊಲ್ಲೆನೆನ್ನುವ ಯಾವುದೋ ಹಟಮಾರಿ ಮುದುಕನೇ ಇರಬೇಕು. ತಿರುಗಿಸುವುದನ್ನು ಬಿಟ್ಟಳು. ಅವನು ಹೇಗೆ ಬಿಗಿದಿದ್ದನೋ ಹಾಗೇ ಬಿಗಿದುಕೊಂಡಿರಲು ಬಿಟ್ಟು, ಹತ್ತಿರ ಬಂದು, ಒಂದು ಕೈ ಅವನ ಬೆನ್ನಿಗೆ ಕೊಟ್ಟು, ಮಂಡಿ ಬಗ್ಗಿಸಿದಳು. "ಏನೂ ಆಗಲ್ಲ, ಏನೂ ಆಗಲ್ಲ. ಹಾಂ, ಹೀಗೆ, ನಿಧಾನ," ಎಂದು ಬಾಯಿಂದ ತಾನಾಗಿ ಬಂತು. ಬಡಗಿ ಬೀಳಲಿಲ್ಲ. ಬಿದ್ದಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಅವಳು ಅವನನ್ನು ಮಲಗಿಸಿದಳು. ತಲೆ ನೆಲಕ್ಕೆ ತಾಗದ ಹಾಗೆ ಅಂಗೈ ಕೊಟ್ಟು, ಜೋಪಾನವಾಗಿ.

ಮೆಕ್ಯಾನಿಕ್ ಮೊದಲು ನಕ್ಕ. ಆಮೇಲೆ ಮಹಡಿಯೇ ನಕ್ಕಿತು. "ಹೊದಿಕೆ ತರ್ಲಾ ಅಣ್ಣಾ?" ಅಂದ ಯಾರೋ ಪುಣ್ಯಾತ್ಮ. ಬಡಗಿ ಕಣ್ಣುಬಿಟ್ಟು ಮಲಗಿದ್ದ, ಮುಖ ಹರಳೆಣ್ಣೆ ಕುಡಿದವರದು.

ಶನಿವಾರ ಬೆಳಗ್ಗೆ ಅವನು ಹಾಸಿಗೆಯನ್ನು ದೊಪ್ಪನೆ ನೆಲಕ್ಕೆ ಎಸೆದ. ಅವಳು ಕೆಲಸಕ್ಕೆ ಹೊರಡಲು ತಲೆ ಬಾಚುತ್ತಿದ್ದಳು.

"ಬಾ ಇಲ್ಲಿ."

"ಹೊತ್ತಾಯ್ತು ರೀ."

"ಬಾ ಅಂದೆ. ನಾನು ಬೀಳಿಸಿದ್ರೆ ಮಾತ್ರ ಬೀಳಬೇಕು. ನಾನಾಗಿ ಬೀಳಿಸಿದ್ರೆ. ಗೊತ್ತಾಯ್ತಾ?"

ಅವಳ ಕೈಯ ಬಾಚಣಿಗೆ ನಿಂತಿತು. "ಬೇಡ ಬಿಡಿ."

"ಯಾಕೆ ಬೇಡ?"

"ನಿಜವಾಗ್ಲೂ ಬೇಕಾ?"

"ನಿಜವಾಗ್ಲೂ."

ಅವನು ಮಣಿಕಟ್ಟು ಹಿಡಿದು ತಿರುಗಿಸಿದ. ಅವಳು ನಿಂತಿದ್ದಳು. ಬಿಗಿಹಿಡಿದಿರಲಿಲ್ಲ, ಅಡ್ಡ ಕೊಡಲಿಲ್ಲ, ಸುಮ್ಮನೆ ತನ್ನ ಎರಡು ಕಾಲಿನ ಮೇಲೆ ನಿಂತಿದ್ದಳು. ಅವನು ಇನ್ನಷ್ಟು ತಿರುಗಿಸಿದ, ಎಳೆದ, ಹಲ್ಲು ಕಚ್ಚಿದ, ಉಸಿರು ಹಿಡಿದ. ಅವಳಿಗೆ ದಿನಾ ಮಾಡಬೇಡ ಅನ್ನುತ್ತಿದ್ದದ್ದನ್ನೆಲ್ಲ ತಾನೇ ಮಾಡಿದ. ಅವಳ ಬಳೆ ಸದ್ದಾಯಿತು ಅಷ್ಟೇ.

"ಹಾಗಾದ್ರೆ ಇಷ್ಟು ದಿನ?"

ಅವಳು ಬಳೆ ಹಿಂದಕ್ಕೆ ಸರಿಸಿಕೊಂಡಳು.

"ದಿನಾ ಬೆಳಗ್ಗೆ ಸುಯ್ ಅಂತ ಬೀಳ್ತಿದ್ಯಲ್ಲ? ಏನ್ ಶಕ್ತಿ ಅಂತಿದ್ಯಲ್ಲ?"

"ನೀವು ಖುಷಿಯಾಗಿ ಸ್ನಾನಕ್ಕೆ ಹೋಗ್ತಿದ್ರಿ. ಹಾಸಿಗೆ ಮೇಲೆ ಉರುಳೋಕೆ ನನಗೇನು ಗಂಟು ಹೋಗತ್ತೆ?"

"ಒಂದು ಸಲಾನೂ ಇಲ್ವಾ? ಒಂದೇ ಒಂದು ಸಲ?"

ಅವಳು ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು ಬಿಡಿಸಿದಳು. "ಒಂದೆರಡು ಸಲ ಬಿದ್ದಿದೀನಿ ಬಿಡಿ," ಎಂದು ಚೀಲ ಎತ್ತಿಕೊಂಡು ಹೊರಟಳು.

ಒಂದೆರಡು ಸಲ. ಬಡಗಿ ಇಡೀ ದಿನ ಆ ಒಂದೆರಡನ್ನು ಹಿಡಿದುಕೊಂಡು ಬದುಕಿದ. ಯಾವ ಸಲ ಇರಬಹುದು? ಹೋದ ವಾರ ಅವಳ ಕಾಲು ಮೇಲೆ ಹೋಗಿತ್ತಲ್ಲ, ಅದೇ ಇರಬೇಕು. ಬೀರುವಿಗೆ ಮೊಣಕೈ ತಗುಲಿತ್ತಲ್ಲ, ಅದೂ ಇರಬಹುದು.

ಭಾನುವಾರ ಅವನು ಹೋಗಬಾರದೆಂದುಕೊಂಡಿದ್ದ, ಹೋದ. ಮುಂದಿನ ಸಾಲಿನಲ್ಲಿ ಶಿಷ್ಯರ ಜೊತೆ ಮಂಡಿಯೂರಿ ಕೂತ. ನಡುವೆ ಮೇಡಂ, ಎದುರಿಗೆ ಹೆಂಡತಿ. ದೇವರೇ, ಇವಳು ಇವತ್ತು ಎಡವಲಿ. ಬೇಡಿಕೊಂಡದ್ದು ಹೀಗೇ, ಬಣ್ಣ ಹಚ್ಚಿ ಹೇಳುವುದಕ್ಕೇನಿದೆ. ಎಡವಲಿ, ಮೇಡಂ ಮತ್ತೆ ನನ್ನ ಕಡೆ ಕೈ ಚಾಚಲಿ.

ಮೊದಲನೆಯದು ಸರಿಹೋಯಿತು, ಎರಡನೆಯದೂ. ಮೂರನೆಯ ಸಲ ಅವಳು ನುಗ್ಗಿ ಬಂದಾಗ ಮೇಡಂ ಮಣಿಕಟ್ಟು ಹಿಡಿದು ತಿರುಗಿಸಿದರು. ಅವಳು ಬೀಳಲಿಲ್ಲ.

ಮೇಡಂ ಕೈ ಅಲ್ಲೇ ಸಿಕ್ಕಿಕೊಂಡಿತ್ತು. ಬಡಗಿಯ ಬಲಭುಜ ಕೂತಲ್ಲೇ ನೆಲದ ಕಡೆ ವಾಲಿತು. ಆರು ವರ್ಷ ಇಂಥ ಕಡೆಯೆಲ್ಲ ಹಾರಿ ಬಿದ್ದು ಮೇಡಂ ಮಾನ ಕಾದವನು ಅವನು. ಅಯ್ಯೋ ಅನ್ನಿಸಿತು. ಅದರ ಬೆನ್ನಿಗೇ, ಬೇಕು, ಹೀಗೇ ಆಗಬೇಕು ಅನ್ನಿಸಿತು.

ಮೇಡಂ ನಕ್ಕರು. ಸಿಕ್ಕಿತು ಅನ್ನುವ ನಗು. ಎಡಗಾಲನ್ನು ನಾಲ್ಕು ಬೆರಳಿನಷ್ಟು ಒಳಗಿಟ್ಟರು, ಸೊಂಟ ಇಳಿಸಿದರು, ಕೈಗೆ ಬಲವನ್ನೇ ಹಾಕಲಿಲ್ಲ ಅನ್ನಬೇಕು. ಅವಳ ಎರಡೂ ಪಾದ ಮ್ಯಾಟು ಬಿಟ್ಟವು. ಗಾಳಿಯಲ್ಲಿ ಒಂದು ಕ್ಷಣ ಅವಳ ಮುಖ ಗಂಡನ ಕಡೆಗಿತ್ತು. ಬಾಯಿ ತೆರೆದಿತ್ತು, ಕಣ್ಣು ಅರಳಿತ್ತು, ಏನಾಗುತ್ತಿದೆ ಅನ್ನುವುದು ಗೊತ್ತಿಲ್ಲದ ಮುಖ, ಗೊತ್ತಿಲ್ಲದಿರುವುದೇ ಸುಖ ಅನ್ನುವ ಮುಖ. ಆಮೇಲೆ ಅಂಗೈ ಮ್ಯಾಟಿಗೆ ಬಡಿದ ಸದ್ದು, ಇನ್ನೂರು ಜನರ ಚಪ್ಪಾಳೆ.

ಹತ್ತೊಂಬತ್ತು ವರ್ಷ ಸಂಸಾರ ಮಾಡಿದ್ದ. ಅವಳ ಸಿಟ್ಟಿನ ಮುಖ, ಜ್ವರದ ಮುಖ, ನಿದ್ದೆಯ ಮುಖ ಎಲ್ಲ ಬಾಯಿಪಾಠ. ಈ ಮುಖ ಅವನು ನೋಡಿರಲಿಲ್ಲ. ಅದನ್ನು ಒಬ್ಬಳು ಮುದುಕಿ ನಾಲ್ಕು ಬೆರಳು ಕಾಲು ಸರಿಸಿ ಹೊರಗೆ ತೆಗೆದಿದ್ದಳು. ಮಂಗಳವಾರದಿಂದ ಹೆಂಡತಿಯ ಮೇಲೆ ಪಟ್ಟ ಹೊಟ್ಟೆಕಿಚ್ಚೆಲ್ಲ ಏನೂ ಅಲ್ಲ ಅನ್ನುವಂತೆ ಈಗ ಮೇಡಂ ಮೇಲೆ ಹೊಟ್ಟೆ ಉರಿಯಿತು.

ಅವಳು ಬಂದು ಪಕ್ಕದಲ್ಲಿ ಕೂತಳು. ಏದುಸಿರು, ಮೈಯೆಲ್ಲ ಬೆವರು.

"ಮೂರನೇದು ನೋಡಿದ್ರಾ? ಎಲ್ಲಿಂದ ಬಂತೋ ಗೊತ್ತೇ ಆಗ್ಲಿಲ್ಲ ರೀ. ನಿಜವಾಗ್ಲೂ ಬಿದ್ದೆ."

"ನೋಡಿದೆ."

ಅವಳು ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡಳು. ಮುಂದಿನ ಜೋಡಿ ಮ್ಯಾಟಿಗೆ ಹೋಯಿತು. ಆಮೇಲೆ ಅವನ ಕಡೆ ಬಗ್ಗಿ ಮೆಲ್ಲಗೆ ಅಂದಳು.

"ನಿನ್ನೆ ಒಂದೆರಡು ಸಲ ಅಂದೆನಲ್ಲ. ಅದೂ ಸುಳ್ಳು. ಬೀಳೋದು ಅಂದ್ರೆ ಹೇಗಿರತ್ತೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು."

ಬಡಗಿ ಅವಳನ್ನು ನೋಡಲಿಲ್ಲ. ಎದುರಿನ ಜೋಡಿಯ ಕಾಲುಗಳನ್ನೇ ನೋಡುತ್ತ ಕೂತಿದ್ದ.

"ಇನ್ಮೇಲೆ ನನಗೋಸ್ಕರ ಬೀಳಬೇಡ."

"ಬೀಳಲ್ಲ," ಅಂದಳು.