ಹರ್ಷನ ಅಪೀಲು

"ಆಂಟಿ, ಅಪೀಲು ಗೆದ್ವಿ" ಎಂದು ವಕೀಲೆ ನಿರುಪಮಾ ಫೋನಿನಲ್ಲಿ ಹೇಳಿದಾಗ ಜವರಮ್ಮ ಪಾಲೋ ಆಲ್ಟೋದ ಡೇಕೇರಿನ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಳೆಅನ್ನ ಕಲಸುತ್ತಿದ್ದಳು. ಕೈ ಅಲ್ಲೇ ನಿಂತಿತು.

"ಇನ್ನೊಂದ್ಸಲ ಯೋಳವ್ವ."

"ಗೆದ್ವಿ. ಹರ್ಷನ ಅರ್ಜಿನ ಹಿಯರಿಂಗೇ ಇಲ್ದೆ ವಜಾ ಮಾಡಿದ್ದು ತಪ್ಪು ಅಂತ ಮೂರೂ ಜಡ್ಜುಗಳು ಬರ್ದಿದಾರೆ. ಆದ್ರೆ ಇದು ಬಿಡುಗಡೆ ಅಲ್ಲ ಆಂಟಿ. ಕೆಳಗಿನ ಕೋರ್ಟು ಈಗ ಹಿಯರಿಂಗ್ ಮಾಡ್ಲೇಬೇಕು, ಅಷ್ಟೆ."

"ಅವ್ನ ಮಾತ ಕೇಳ್ತಾರೆ ತಾನೆ? ಅಷ್ಟು ಸಾಕು ಬುಡು."

ಜವರಮ್ಮ ನಕ್ಕುಬಿಟ್ಟಳು. ಊಟಕ್ಕೆ ಕೂತಿದ್ದ ಮಕ್ಕಳು ಅವಳ ಮುಖ ನೋಡಿ, ಯಾಕೆಂದು ತಿಳಿಯದೆಯೇ ತಾವೂ ನಕ್ಕವು.

ಹದಿನೇಳು ವರ್ಷದ ಹಿಂದೆ, ಅವಳ ಮಗ, ಹತ್ತೊಂಬತ್ತರ ಹರ್ಷ, ಇಬ್ಬರು ಗೆಳೆಯರನ್ನು ಕಾರಿನಲ್ಲಿ ಒಂದು ಅಂಗಡಿಗೆ ಕರೆದೊಯ್ದಿದ್ದ. ಅವರು ದೋಚಲು ಹೊರಟದ್ದು ಅವನಿಗೆ ಗೊತ್ತಿತ್ತು. ಒಬ್ಬನ ಜೇಬಿನಲ್ಲಿ ಪಿಸ್ತೂಲಿದ್ದದ್ದು ಗೊತ್ತಿರಲಿಲ್ಲ. ಅಂಗಡಿಯಾತ ಸತ್ತ. ಅಂದಿನ ಕಾನೂನಿಗೆ ಕಾರಿನಲ್ಲಿ ಕೂತಿದ್ದವನೂ ಕೊಲೆಗಾರನೇ. ಆ ಕಾನೂನು ಬದಲಾಯಿತೆಂದು ತಿಳಿದ ಮೇಲೆ ಹರ್ಷ ಜೈಲಿನಿಂದ ಕೈಯಾರೆ ಅರ್ಜಿ ಬರೆದ. ಒಂದೇ ಹಾಳೆಯಲ್ಲಿ ಅದು ವಜಾ ಆಗಿ ಬಂತು. ಆ ಹಾಳೆಯನ್ನು ಜವರಮ್ಮ ಮೂರು ಜನರಿಂದ ಓದಿಸಿದ್ದಳು, ಯಾರಾದರೂ ಬೇರೆ ಅರ್ಥ ಹೇಳಿಯಾರೆಂದು.

ಸಂಜೆ ಜೈಲಿನಿಂದ ಕರೆ ಬಂತು.

"ಅವ್ವ, ಏನಾಯ್ತು? ಡಿನೈಡ್?"

"ಇಲ್ಲ ಕಣ್ಲಾ. ಗೆದ್ದೆ."

"ಸೇ ಇಟ್ ಅಗೇನ್, ಅವ್ವ" ಎಂದ. ಕರೆಯ ಹೊತ್ತು ಮುಗಿದು ಲೈನು ಕಡಿಯುವವರೆಗೂ ಅವಳು ಅದನ್ನೇ ಹೇಳಿದಳು.

ನಾಲ್ಕು ತಿಂಗಳಿಗೆ ವಿಚಾರಣೆ ನಡೆಯಿತು. ಹರ್ಷ ಎದ್ದು ನಿಂತು ತಾನು ಮಾಡಿದ್ದನ್ನೂ ಮಾಡದ್ದನ್ನೂ ಹೇಳಿದ. ಸತ್ತವನ ಹೆಸರು ಹೇಳುವಾಗ ಅವನ ದನಿ ಒಡೆಯಿತು. ಜಡ್ಜು ಕೊಲೆಯ ಅಪರಾಧವನ್ನು ತೆಗೆದುಹಾಕಿ, ದರೋಡೆಗೆ ಮಾತ್ರ ಶಿಕ್ಷೆ ಕೊಟ್ಟರು. ಆ ಶಿಕ್ಷೆಯ ವರ್ಷಗಳನ್ನು ಅವನು ಜೈಲಿನಲ್ಲಿ ಎಂದೋ ಕಳೆದಾಗಿತ್ತು.

ಮರುದಿನ ಬೆಳಿಗ್ಗೆ ರೆಡ್‌ವುಡ್ ಸಿಟಿಯ ಜೈಲಿನಿಂದ ಹೊರಬಂದ ಮಗನನ್ನು ಜವರಮ್ಮ ತಾನೇ ಕಾರಿನಲ್ಲಿ ಕೂರಿಸಿಕೊಂಡು ಡ್ಯಾನ್‌ವಿಲ್‌ನ ಮನೆಗೆ ಹೊರಟಳು. ಅವನನ್ನು ನೋಡಲು ಹೋಗಿಬರಲೆಂದೇ ಐವತ್ತೈದರಲ್ಲಿ ಡ್ರೈವಿಂಗ್ ಕಲಿತವಳು. ಫ್ರೀವೇಯಲ್ಲಿ ಇವತ್ತಿಗೂ ನಿಧಾನದ ಗಾಡಿಗಳ ಬಲಗಡೆಯ ಲೇನು ಬಿಟ್ಟು ಕದಲುವವಳಲ್ಲ.

"ನೀನು ತುಂಬ ಸ್ಲೋ ಅವ್ವ" ಎಂದ ಹರ್ಷ, ನಗುತ್ತ.

"ಹದಿನೇಳು ವರ್ಸ ಕಾದಿವ್ನಿ. ಇನ್ನರ್ಧ ಗಂಟೆ ನೀ ಕಾಯಿ."

ಸೇತುವೆ ಬಂತು. ಎರಡೂ ಕಡೆ ನೀರು ಬಿಸಿಲಿಗೆ ಹೊಳೆಯುತ್ತಿತ್ತು.

"ಕಿಟಕಿ ಇಳಿಸ್ಲಾ?"

ಚಳಿಗಾಳಿ ಬಡಿದರೆ ಅವಳಿಗೆ ಕಿವಿನೋವು. "ಇಳಿಸ್ಕೊ" ಎಂದಳು. ಹರ್ಷ ಗಾಜು ಪೂರ್ತಿ ಇಳಿಸಿ, ತೋಳನ್ನು ಹೊರಗೆ ಚಾಚಿ, ಕಣ್ಣು ಮುಚ್ಚಿದ. ಜವರಮ್ಮ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದರಲ್ಲಿ ಸೆರಗನ್ನು ಕಿವಿಯ ಮೇಲೆಳೆದುಕೊಂಡಳು. ಸೇತುವೆ ಇನ್ನೂ ಉದ್ದಕ್ಕೆ ಮುಂದಿತ್ತು.